ಪಂಕ್ಚರಕ್ಕ ಉಸಿರು ಹಿಡಿದದ್ದು

ಬಸ್ಸು ತಿರುಗುವ ಮೂಲೆಯಲ್ಲಿ, ವೆಲ್ಡಿಂಗ್ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಒತ್ತಿಕೊಂಡು ನಿಂತ ಪಂಕ್ಚರ್ ಅಂಗಡಿ ಅವಳದು. ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು, ಆದರೆ ಆ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಅವಳು ಪಂಕ್ಚರಕ್ಕ. ಟ್ಯೂಬಿಗೆ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಏಳುವ ಜಾಗಕ್ಕೆ ಬೆರಳಿಟ್ಟಳೆಂದರೆ ಮುಗಿಯಿತು, ಆ ತೂತು ಮತ್ತೆ ಬಾಯಿ ತೆರೆಯುತ್ತಿರಲಿಲ್ಲ. ಅಂಥವಳು ಅಂಗಡಿಯೊಳಗಿನ ಒಂದು ಸೋರಿಕೆಗೆ ಮಾತ್ರ ಕೈ ಹಚ್ಚುತ್ತಿರಲಿಲ್ಲ. ಅದು ಗಾಳಿ ತುಂಬುವ ಅವಳದೇ ಕಂಪ್ರೆಸರಿನದು.

ಮೋಟಾರು ನಿಲ್ಲಿಸಿದ ಕೂಡಲೇ ಅದರ ವಾಲ್ವಿನಿಂದ ಗಾಳಿ ಹೊರಡುತ್ತಿತ್ತು. ವಾಷರು ಸವೆದು ಒಳಗೇ ಕುಣಿಯುತ್ತಿದ್ದುದರಿಂದ ಗಾಳಿ ಒಂದೇ ಸಮನೆ ಬರದೆ ತಡೆತಡೆದು ಬರುತ್ತಿತ್ತು. ಸುಯ್ಯೆಂದು ಒಂದು ಎಳೆತ, ಕೊನೆಯಲ್ಲಿ ಸಣ್ಣದೊಂದು ಸಿಳ್ಳೆ, ಒಂದು ಕ್ಷಣ ಸುಮ್ಮನೆ, ಮತ್ತೆ ಸುಯ್ಯ್.

"ಏನಕ್ಕಾ ಇದು, ಡಾಕ್ಟ್ರ ಮನೇಲೇ ಕೆಮ್ಮಾ?" ಎಂದು ಗಿರಾಕಿಗಳು ಕಾಲೆಳೆಯುತ್ತಿದ್ದರು. ಪಕ್ಕದ ವೆಲ್ಡಿಂಗಿನವನಂತೂ ಹೊಸ ವಾಷರು ಕೈಯಲ್ಲೇ ಹಿಡಿದುಕೊಂಡು ಬಂದು, "ಎರಡು ನಿಮಿಷದ ಕೆಲಸ, ಹಾಕ್ಕೊಡ್ತೀನಿ" ಅಂದಿದ್ದ.

"ಅದರ ಪಾಡಿಗೆ ಅದು ಸೋರಲಿ ಬಿಡಪ್ಪ. ನಿಮ್ಮ ಗಾಡಿ ಸೋರದಿದ್ರೆ ಸಾಕು ತಾನೆ?" ಎಂದು ಅವಳು ಅವನನ್ನು ಸಾಗಹಾಕಿದ್ದಳು.

ಆ ಸದ್ದು ಅವಳ ಗಂಡನದು. ಅಂಗಡಿ ಮೊದಲು ಅವನದೇ ಆಗಿತ್ತು. ಬಂದವರಿಗೆಲ್ಲ ಸೈಕಲ್ಲನ್ನು ಹೇಗೆ ನೋಡಿಕೊಳ್ಳಬೇಕೆಂದು ಪಾಠ ಹೇಳದೆ ಕಳಿಸುತ್ತಿರಲಿಲ್ಲವಾದ್ದರಿಂದ ಜನ ಅವನನ್ನು ಮೇಷ್ಟ್ರು ಎನ್ನುತ್ತಿದ್ದರು. ಮೇಷ್ಟ್ರಿಗೆ ಉಬ್ಬಸ. ಒಂದು ಟ್ಯೂಬು ಬಿಚ್ಚಿ ಹಾಕುವಷ್ಟರಲ್ಲಿ ಅವನು ಹಿಂದಿನ ಸ್ಟೂಲಿನ ಮೇಲೆ ಕೂತು ಸುಧಾರಿಸಿಕೊಳ್ಳಬೇಕಿತ್ತು, ಆಗ ಅವನ ಎದೆಯಿಂದ ಥೇಟ್ ಇದೇ ಸದ್ದು ಬರುತ್ತಿತ್ತು. ಅವನು ತೀರಿಹೋಗಿ ವರ್ಷಗಳಾದರೂ ಪಂಕ್ಚರಕ್ಕ ಮೋಟಾರು ನಿಲ್ಲಿಸಿದಾಗಲೆಲ್ಲ ಅವನು ಬೆನ್ನ ಹಿಂದೆ ಕೂತು ಉಸಿರಾಡುತ್ತಿದ್ದ. ಅವಳು ತಿರುಗಿ ನೋಡುತ್ತಿರಲಿಲ್ಲ. ತಿರುಗಿದರೆ ಬರೀ ಸ್ಟೂಲು ಇರುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮನೆಯಲ್ಲಿದ್ದವಳು ನಾದಿನಿ ಒಬ್ಬಳೇ. ಮದುವೆಯ ಗೊಡವೆಯೇ ಬೇಡವೆಂದು ಅಣ್ಣನ ಜೊತೆ ಉಳಿದವಳು, ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯವರ ಬಟ್ಟೆ ಹೊಲಿಯುತ್ತಿದ್ದಳು. ಅವಳ ಬಾಯಿಗೆ ಬಿಡುವೆಂಬುದೇ ಇರಲಿಲ್ಲ. ಹಲ್ಲುಜ್ಜುವಾಗಲೂ ಮಾತು, ಸೂಜಿಗೆ ದಾರ ಪೋಣಿಸುವಾಗಲೂ ಮಾತು. ಕೇಳುವವರು ಎದ್ದುಹೋದರೆ ಬಾಗಿಲ ಜೊತೆ ಮುಂದುವರಿಸುತ್ತಿದ್ದಳು. ಮೊದಲು ಹೀಗಿರಲಿಲ್ಲ, ಅಣ್ಣ ಹೋದ ಮೇಲೆ ಹತ್ತಿಕೊಂಡದ್ದು. ದುಃಖ ಒಬ್ಬೊಬ್ಬರಿಗೆ ಒಂದೊಂದು ರೀತಿ ಎಂದು ಪಂಕ್ಚರಕ್ಕ ಅದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡಿದ್ದಳು. ಆದರೂ ಒಮ್ಮೊಮ್ಮೆ ಕಿವಿಗೆ ಪ್ಯಾಚ್ ಹಾಕಿಕೊಳ್ಳೋಣ ಅನ್ನಿಸುತ್ತಿತ್ತು.

ಹೀಗಿರುವಾಗ ಪಂಕ್ಚರಕ್ಕನ ಎಡ ಎದೆಯಲ್ಲಿ ಗಂಟು ಕಂಡಿತು. ಆಸ್ಪತ್ರೆ, ಸೂಜಿ, ಆಪರೇಷನ್ನು, ಎಲ್ಲವನ್ನೂ ಅವಳು ಹಲ್ಲು ಕಚ್ಚಿ ದಾಟಿದಳು. ಕೊನೆಗೆ ಉಳಿದದ್ದು ರೇಡಿಯೇಷನ್. ಡಾಕ್ಟರಮ್ಮ ಅವಳನ್ನೂ ನಾದಿನಿಯನ್ನೂ ಎದುರಿಗೆ ಕೂರಿಸಿಕೊಂಡರು.

"ಗಂಟು ತೆಗೆದಾಯ್ತು. ಕಣ್ಣಿಗೆ ಕಾಣದ ಹಾಗೆ ಅಲ್ಲೇ ಏನಾದ್ರೂ ಉಳ್ಕೊಂಡಿದ್ರೆ ಅದನ್ನ ಸಾಯ್ಸೋಕೆ ಈ ಕಿರಣ. ತೊಂದರೆ ಏನಂದ್ರೆ, ನಿಮ್ಮ ಗಂಟು ಎಡಗಡೆ ಇತ್ತು. ಪಕ್ಕೆಲುಬಿನ ಹಿಂದೇನೇ ಹೃದಯ ಇದೆ. ಕಿರಣಕ್ಕೆ ಯಾವ್ದು ರೋಗ ಯಾವ್ದು ಹೃದಯ ಅಂತ ಗೊತ್ತಾಗಲ್ಲ, ದಾರೀಲಿ ಸಿಕ್ಕಿದ್ದಕ್ಕೆಲ್ಲ ತಾಗುತ್ತೆ."

"ತಾಗಿದ್ರೆ?"

"ಇವತ್ತು ಏನೂ ಗೊತ್ತಾಗಲ್ಲ. ವರ್ಷಗಟ್ಟಲೆ ಆದ್ಮೇಲೆ ಹೃದಯ ತಕರಾರು ತೆಗೀಬಹುದು. ಅದಕ್ಕೇ ಮೊದಲೇ ಹೃದಯಾನ ಸ್ವಲ್ಪ ಪಕ್ಕಕ್ಕೆ ಸರಿಸ್ಬೇಕು."

"ಅಯ್ಯೋ, ಹೃದಯ ಏನು ಮಂಚಾನೇ ಸರಿಸೋಕೆ?" ಎಂದು ನಾದಿನಿ ಬಾಯಿ ಹಾಕಿದಳು.

"ಅವರೇ ಸರಿಸ್ತಾರೆ," ಎಂದು ಡಾಕ್ಟರಮ್ಮ ನಕ್ಕರು. "ದೊಡ್ಡದಾಗಿ ಉಸಿರು ಎಳ್ಕೊಂಡು ಹಿಡಿದ್ರೆ ಶ್ವಾಸಕೋಶ ಉಬ್ಬುತ್ತೆ. ಅದು ಎದೆಗೋಡೆಗೂ ಹೃದಯಕ್ಕೂ ಮಧ್ಯ ತುಂಬ್ಕೊಂಡು ಹೃದಯಾನ ಹಿಂದಕ್ಕೆ, ಕೆಳಕ್ಕೆ ತಳ್ಳುತ್ತೆ. ಆ ಹೊತ್ತಲ್ಲಿ ಮಾತ್ರ ಕಿರಣ ಬಿಡೋದು. ಉಸಿರು ಬಿಟ್ರೆ ಕಿರಣಾನೂ ನಿಲ್ಲುತ್ತೆ."

ಪಂಕ್ಚರಕ್ಕನಿಗೆ ಇದು ತಟ್ಟನೆ ಅರ್ಥವಾಯಿತು. ಟ್ಯೂಬಿಗೆ ಗಾಳಿ ತುಂಬಿದರೆ ಟೈರು ರಿಮ್ಮಿನಿಂದ ದೂರ ನಿಲ್ಲುತ್ತದೆ. ಗಾಳಿ ಇಳಿದಿದ್ದಾಗ ಗುಂಡಿಗೆ ಬಿದ್ದರೆ ಏಟು ಸೀದಾ ರಿಮ್ಮಿಗೆ. ಉಸಿರು ಹಿಡಿಯುವುದೊಂದು ಕೆಲಸವೇ ಎಂದು ಅವಳು ಹಗುರಾಗಿ ಎದ್ದು ಬಂದಳು.

ಉಸಿರು ಹಿಡಿಯುವ ತಾಲೀಮಿನ ಕೋಣೆಯಲ್ಲಿದ್ದವಳು ಟೆಕ್ನಿಷಿಯನ್. ನಡುವಯಸ್ಸು, ಕನ್ನಡಕ, ಅವಸರವಿಲ್ಲದ ದನಿ. ದಿನವಿಡೀ ಹೆಂಗಸರಿಗೆ ಉಸಿರು ಎಳೆಯಲು, ಹಿಡಿಯಲು, ಬಿಡಲು ಹೇಳುವುದೇ ಅವಳ ಕೆಲಸವಾದ್ದರಿಂದ ಹೊರಗೆ ಕೂತ ರೋಗಿಗಳು ಅವಳಿಗೆ ಉಸಿರಮ್ಮ ಎಂದು ಹೆಸರಿಟ್ಟಿದ್ದರು. ಪಂಕ್ಚರಕ್ಕನನ್ನು ಗಟ್ಟಿ ಹಲಗೆಯ ಮೇಲೆ ಕೈಗಳನ್ನು ತಲೆಯ ಹಿಂದಕ್ಕೆ ಮಾಡಿಸಿ ಮಲಗಿಸಿದಳು. ಎದೆಮೂಳೆಯ ತುದಿಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ ಇಟ್ಟಳು. ಎದೆ ಏರಿದರೆ ಡಬ್ಬಿ ಏರುತ್ತದೆ, ಡಬ್ಬಿ ಏರಿದ್ದನ್ನು ಕ್ಯಾಮೆರಾ ನೋಡುತ್ತದೆ, ಮುಖದ ಎದುರಿಗಿನ ಪರದೆಯಲ್ಲಿ ಒಂದು ಹಳದಿ ಗೆರೆ ಏರಿ ಹಸಿರು ಪಟ್ಟಿಯೊಳಗೆ ಬರಬೇಕು.

"ಇದೇನು, ನಮ್ಮ ಗಾಳಿ ನೋಡೋ ಗೇಜಿನ ಮುಳ್ಳಿನ ಹಾಗೇ ಇದೆಯಲ್ಲ," ಎಂದಳು ಪಂಕ್ಚರಕ್ಕ.

"ಹಾಗೇ ಅಂದ್ಕೊಳ್ಳಿ. ಉಸಿರು ಎಳ್ಕೊಳ್ಳಿ. ಇನ್ನೂ. ಹಾಂ, ಹಿಡ್ಕೊಳ್ಳಿ."

ಗೆರೆ ಹಸಿರಿಗೆ ಬಂತು. ಪಂಕ್ಚರಕ್ಕ ಉಸಿರು ಹಿಡಿದಳು. ಎಳೆಯುವ ಸದ್ದು ನಿಂತಿತು, ಬಿಡುವ ಸದ್ದು ಇನ್ನೂ ಬರಬೇಕಿತ್ತು. ಆ ನಡುವಿನ ನಿಶ್ಶಬ್ದದಲ್ಲಿ ಅವಳಿಗೆ ಆಸ್ಪತ್ರೆಯ ಚಾವಣಿ ಕಾಣಲಿಲ್ಲ. ಮನೆಯ ನಡುಕೋಣೆ ಕಂಡಿತು, ಕಿಟಕಿಯ ಬಿಸಿಲು ಬಿದ್ದ ಮಂಚ, ಮೂರು ದಿಂಬಿಗೆ ಒರಗಿದ ಮೇಷ್ಟ್ರು. ಅವನೂ ಉಸಿರು ಎಳೆದುಕೊಂಡಿದ್ದ. ಬಿಡುವುದನ್ನು ಅವಳು ಕಾಯುತ್ತಿದ್ದಳು. ಅಷ್ಟರಲ್ಲಿ ಪಂಕ್ಚರಕ್ಕನ ಉಸಿರು ತಾನಾಗಿ ಹೊರಬಿತ್ತು.

"ಪರವಾಗಿಲ್ಲ, ಮೊದಲನೇ ಸಲ ಅಲ್ವಾ? ಇನ್ನೊಂದ್ಸಲ."

ಮತ್ತೆ ಅದೇ ಕೋಣೆ, ಅದೇ ಬಿಸಿಲು. ಈ ಸಲ ಅವನು ಕಣ್ಣು ತೆರೆದಿದ್ದ. ಪಂಕ್ಚರಕ್ಕ ಮುಳುಗಿದವಳ ಹಾಗೆ ಬಾಯಿ ಬಿಟ್ಟು ಗಾಳಿ ಎಳೆದಳು. ಆಗ ಬೆನ್ನು ಹಲಗೆಯಿಂದ ಒಂದಿಷ್ಟು ಎದ್ದಿತು, ಎದ್ದ ಕೂಡಲೇ ಪರದೆಯ ಗೆರೆಯೂ ಎದ್ದಿತು. ಅವಳು ಅದನ್ನು ನೋಡಿದಳು. ಮೂರನೆಯ ಸಲ ಉಸಿರನ್ನು ಎಳೆದ ಹಾಗೆ ಮಾಡಿ ಬೆನ್ನನ್ನು ಬಿಲ್ಲಿನಂತೆ ಮೇಲೆತ್ತಿದಳು. ಡಬ್ಬಿ ಏರಿತು, ಗೆರೆ ಹಸಿರಿನೊಳಗೆ ಬಂದು ಸಣ್ಣಗೆ ನಡುಗುತ್ತ ನಿಂತಿತು. ಅವಳು ಮೂಗಿನ ತುದಿಯಲ್ಲಿ ಕದ್ದು ಕದ್ದು ಉಸಿರಾಡುತ್ತಿದ್ದಳು, ಆ ಕಳ್ಳ ಉಸಿರಿನ ಸದ್ದು ಅವಳ ಕಿವಿಗೆ ಬೀಳುತ್ತಿತ್ತು. ಮೇಷ್ಟ್ರು ಬರಲಿಲ್ಲ.

"ಭೇಷ್! ಕಲಿತೇಬಿಟ್ರಲ್ಲ," ಎಂದಳು ಉಸಿರಮ್ಮ. ಕಿರಣದ ಲೆಕ್ಕಕ್ಕೆಂದು ತೆಗೆದ ಸ್ಕ್ಯಾನೂ ಹೀಗೆಯೇ ಮುಗಿಯಿತು.

ಅಂಗಡಿಗೆ ಮರಳಿ ಗೇಜು ಕೈಗೆತ್ತಿಕೊಂಡಾಗ ಅವಳಿಗೆ ಹಳೆಯದೊಂದು ಜಗಳ ನೆನಪಾಯಿತು. ಹಿಂದೊಮ್ಮೆ ಮಾರುಕಟ್ಟೆಯ ಕಡೆಯ ಅಂಗಡಿಯವನೊಬ್ಬ ಗೇಜಿನ ಮುಳ್ಳನ್ನು ಬಗ್ಗಿಸಿ, ಅರ್ಧ ಗಾಳಿಗೇ ಪೂರ್ತಿ ತೋರಿಸುವಂತೆ ಮಾಡಿಕೊಂಡಿದ್ದ. ಅಲ್ಲಿ ಗಾಳಿ ಹಾಕಿಸಿಕೊಂಡು ಬಿದ್ದ ಒಬ್ಬ ಹುಡುಗಿಯ ಮೊಣಕಾಲು ನೋಡಿ ಪಂಕ್ಚರಕ್ಕ ಅವನ ಅಂಗಡಿಯ ಮುಂದೆ ನಿಂತು ಬೀದಿಯೇ ಕೇಳುವಂತೆ ಛೀಮಾರಿ ಹಾಕಿ ಬಂದಿದ್ದಳು. "ಮುಳ್ಳಿನ ಕಣ್ಣಿಗೆ ಮಣ್ಣೆರಚಬಹುದು ಕಣಯ್ಯಾ, ಟೈರಿನ ಕಣ್ಣಿಗೆ ಎರಚೋಕಾಗುತ್ತಾ?" ಅಂದಿದ್ದಳು. ಈಗ ಅವಳು ಬಗ್ಗಿಸಿದ್ದು ತನ್ನದೇ ಮುಳ್ಳನ್ನು. ಗೊತ್ತಿದ್ದೂ ಗೊತ್ತಿದ್ದೂ ಮಾಡಿದ್ದಳು. ಮೋಟಾರು ನಿಲ್ಲಿಸಿದಳು, ಹಿಂದೆ ಅವನು ಸುಯ್ಯೆಂದ. "ನಿಮ್ಮಿಂದಲೇ ಇದೆಲ್ಲ," ಎಂದು ತಿರುಗಿ ನೋಡದೆಯೇ ಗೊಣಗಿದಳು.

ಮರುವಾರ ಆಸ್ಪತ್ರೆಯಿಂದ ಕರೆ ಬಂತು. ಈ ಸಲ ಅವಳನ್ನೂ ನಾದಿನಿಯನ್ನೂ ಕೂರಿಸಿಕೊಂಡವರು ಕಿರಣದ ಲೆಕ್ಕ ಹಾಕುವವರು, ಎಲ್ಲರೂ ಲೆಕ್ಕದ ಸಾರ್ ಎನ್ನುತ್ತಿದ್ದ ತೆಳ್ಳನೆಯ ಮನುಷ್ಯ. ಉಸಿರಮ್ಮನೂ ಬಾಗಿಲ ಬಳಿ ನಿಂತಿದ್ದಳು. ಸಾರ್ ಮುಂದಿನ ಪರದೆಯಲ್ಲಿ ಎರಡು ಚಿತ್ರಗಳಿದ್ದವು.

"ಇದು ನೀವು ಮಾಮೂಲಾಗಿ ಉಸಿರಾಡ್ತಿದ್ದಾಗ ತೆಗೆದಿದ್ದು. ಈ ಕೆಂಪು ಗೆರೆಯೊಳಗಿರೋದು ಹೃದಯ. ನೋಡಿ, ಎದೆಗೋಡೆಗೆ ಅಂಟ್ಕೊಂಡಿದೆ. ಇದು ಉಸಿರು ಹಿಡಿದಾಗ ತೆಗೆದಿದ್ದು. ಇಲ್ಲಿ ಮಧ್ಯ ಕಪ್ಪಗೆ ಗಾಳಿ ತುಂಬಿರ್ಬೇಕಿತ್ತು. ಡಬ್ಬಿ ಏನೋ ಎದ್ದಿದೆ, ಆದ್ರೆ ಹೃದಯ ಇದ್ದಲ್ಲೇ ಇದೆ."

"ಮಿಷೀನೇ ಕೆಟ್ಟಿರ್ಬೇಕು!" ನಾದಿನಿ ಕುರ್ಚಿಯ ತುದಿಗೆ ಬಂದಳು. "ನಮ್ಮ ಅತ್ತಿಗೆ ಅಷ್ಟು ಚೆನ್ನಾಗಿ ಹಿಡಿದ್ರು ಅಂತ ಇವರೇ ಹೇಳಿದ್ರು. ನಾನು ಹೊರಗಿನಿಂದ ಕೇಳಿಸ್ಕೊಂಡಿದ್ದೀನಿ. ಬೇರೆ ಯಾರದೋ ಚಿತ್ರ ಇರ್ಬೇಕು, ನೋಡಿ ಸಾರ್..."

"ಅಕ್ಕಾ, ಬೆನ್ನು ಎತ್ತಿದ್ರಾ?" ಎಂದು ಉಸಿರಮ್ಮ ಮೆಲ್ಲಗೆ ಕೇಳಿದಳು.

ಪಂಕ್ಚರಕ್ಕ ಹೌದೆಂದು ತಲೆಯಾಡಿಸಿದಳು. ಲೆಕ್ಕದ ಸಾರ್ ಬೈಯಲಿಲ್ಲ, ಅದರಿಂದಲೇ ಅವಳಿಗೆ ಹೆಚ್ಚು ನಾಚಿಕೆಯಾಯಿತು. "ಹೀಗೇ ಮಾಡೋದಾದ್ರೆ ನನ್ನ ಮುಂದೆ ಇರೋದು ಎರಡೇ ದಾರಿ," ಎಂದರು. "ರೋಗ ಇದ್ದ ಜಾಗಕ್ಕೆ ಪೂರ್ತಿ ಕಿರಣ ಕೊಟ್ಟು ಹೃದಯಕ್ಕೆ ತಾಗಿಸೋದು. ಇಲ್ಲಾಂದ್ರೆ ಹೃದಯ ಉಳಿಸೋಕೆ ಅಂತ ಆ ಜಾಗದಲ್ಲಿ ಒಂದು ಚೂರು ಬಿಟ್ಟುಬಿಡೋದು. ನನಗೆ ಎರಡೂ ಇಷ್ಟ ಇಲ್ಲ. ನೀವು ನಿಜವಾಗಿ ಉಸಿರು ಹಿಡಿದ್ರೆ ಎರಡೂ ಬೇಡ. ಇವತ್ತು ಇನ್ನೊಂದು ಸ್ಕ್ಯಾನ್ ಮಾಡೋಣ."

ಅವರು ಎದ್ದುಹೋದ ಮೇಲೆ ಉಸಿರಮ್ಮ ಖಾಲಿ ಕುರ್ಚಿಯಲ್ಲಿ ಕೂತಳು. "ಆಗದವರು ಆಗಲ್ಲ ಅಂತಾರೆ. ನಿಮಗೆ ಆಗುತ್ತೆ. ಮತ್ಯಾಕೆ?"

"ಸದ್ದು ನಿಲ್ಲುತ್ತೆ," ಎಂದಳು ಪಂಕ್ಚರಕ್ಕ. ಆಮೇಲೆ ನಾದಿನಿಯ ಕಡೆ ನೋಡದೆ, ಮೇಜಿನ ಅಂಚಿಗೆ ಹೇಳುವ ಹಾಗೆ ಹೇಳಿದಳು. "ನಮ್ಮ ಯಜಮಾನ್ರು ನಿದ್ದೇಲಿ ಹೋದ್ರು ಅಂತ ಎಲ್ಲರಿಗೂ ಹೇಳಿದ್ದೀನಿ. ನಾನು ಪಕ್ಕದಲ್ಲೇ ಇದ್ದೆ. ಎಷ್ಟೋ ದಿನದಿಂದ ಆ ಉಬ್ಬಸ ಕೇಳಿ ಕೇಳಿ ತಲೆ ಚಿಟ್ಟು ಹಿಡಿದುಹೋಗಿತ್ತು. ಅವತ್ತು ಮಧ್ಯಾಹ್ನ ಒಂದು ಉಸಿರು ಎಳ್ಕೊಂಡ್ರು. ಸದ್ದು ನಿಂತುಹೋಯ್ತು. ನನಗೆ... ಅಬ್ಬ, ಸದ್ಯ ಅನ್ನಿಸ್ತು. ಸದ್ಯ ನಿಂತಿತಲ್ಲ ಅಂತ ಗೋಡೆಗೆ ಒರಗಿ ಕಣ್ಣು ಮುಚ್ಚಿದೆ. ಎಷ್ಟು ಸುಖವಾಗಿತ್ತು ಗೊತ್ತಾ? ಕಣ್ಣು ಬಿಟ್ಟಾಗ ಅವರಿಗೆಂದು ತಂದ ಚಹಾ ಕೆನೆಗಟ್ಟಿತ್ತು. ಆ ಉಸಿರು ಅವರು ಬಿಡಲೇ ಇಲ್ಲ."

ಪಕ್ಕದ ಕುರ್ಚಿಯಿಂದ ಮಾತು ಬರಲಿಲ್ಲ. ಆ ಬಾಯಿ ಮುಚ್ಚಿದ್ದನ್ನು ಪಂಕ್ಚರಕ್ಕ ವರ್ಷಗಳಿಂದ ಕಂಡಿರಲಿಲ್ಲ. ಇನ್ನೇನು ಇವಳು ಎದ್ದು ಹೋಗುತ್ತಾಳೆ, ಅಣ್ಣನನ್ನು ಕೊಂದವಳೆಂದು ಕೂಗುತ್ತಾಳೆ ಎಂದು ಕಾದಳು.

"ನಾನು ಪಕ್ಕದ ಕೋಣೇಲಿ ಹೊಲೀತಿದ್ದೆ ಅತ್ತಿಗೆ," ಎಂದಳು ನಾದಿನಿ ಕೊನೆಗೆ. ದನಿ ಅವಳದಲ್ಲವೆಂಬಷ್ಟು ಸಣ್ಣಗಿತ್ತು. "ನನಗೂ ಕೇಳಿಸ್ತು, ನಿಂತಿದ್ದು. ನಾನೂ ಅದನ್ನೇ ಅಂದ್ಕೊಂಡೆ. ಸದ್ಯ ಅಂತ. ಎದ್ದು ಬಂದು ನೋಡಲಿಲ್ಲ."

ಇಬ್ಬರೂ ಅಳಲಿಲ್ಲ. ಒಂದೇ ಮನೆಯಲ್ಲಿ ಇಷ್ಟು ವರ್ಷ ಒಬ್ಬಳು ಸೋರುವ ಕಂಪ್ರೆಸರು ಇಟ್ಟುಕೊಂಡು, ಇನ್ನೊಬ್ಬಳು ಬಾಯಿಗೆ ಬಿಡುವು ಕೊಡದೆ, ಅದೇ ನಿಶ್ಶಬ್ದಕ್ಕೆ ಹೆದರಿ ಬದುಕಿದ್ದರು. ನಾದಿನಿಯ ಮಾತಿನ ಹಿಂದೆ ಏನಿತ್ತೆಂದು ಪಂಕ್ಚರಕ್ಕನಿಗೆ ಈಗ ತಿಳಿಯಿತು. ತನ್ನ ಕಂಪ್ರೆಸರಿನ ಮಾತನ್ನು ಮಾತ್ರ ಅವಳು ಆಗಲೂ ಹೇಳಲಿಲ್ಲ. ಅದನ್ನು ಹೇಳಿದರೆ ಜನ ಹುಚ್ಚಿ ಅಂದಾರೆಂಬ ಅಳುಕು.

ಸ್ಕ್ಯಾನ್ ಕೋಣೆಯಲ್ಲಿ ಉಸಿರಮ್ಮ ಅವಳ ಬೆನ್ನಿನಡಿ ಒಂದು ಕಾಗದದ ಹಾಳೆ ಹಾಕಿದಳು. "ಬೆನ್ನು ಎತ್ತಿದ್ರೆ ಇದು ಜಾರುತ್ತೆ, ಗೊತ್ತಾಗುತ್ತೆ. ಬೆನ್ನನ್ನ ಹಲಗೆಗೆ ಕೊಟ್ಟುಬಿಡಿ," ಎಂದಳು. ಒಂದೆರಡು ಸಲ ಮಾಡಿಸಿ, ಹಾಳೆಯನ್ನು ಎಳೆದು ನೋಡಿದಳು. ಅದು ಅಲುಗಲಿಲ್ಲ. ಆಮೇಲೆ ಹೊರಗೆ ಹೋಗಿ ಗಾಜಿನ ಆಚೆ ನಿಂತು ನಾದಿನಿಗೆ ಏನೋ ಹೇಳುತ್ತಿದ್ದುದು ಕಂಡಿತು. ಗೋಡೆಯ ಸ್ಪೀಕರಿನಿಂದ ಬಂದದ್ದು ಉಸಿರಮ್ಮನ ದನಿಯಲ್ಲ.

"ಅತ್ತಿಗೆ, ನಾನು. ಇವರು ನನ್ನನ್ನೇ ಮಾತಾಡು ಅಂದಿದ್ದಾರೆ. ಸುಮ್ಮನಾಗೋದೇ ಬೇಡ್ವಂತೆ, ನೋಡಿ ನನ್ನ ಅದೃಷ್ಟ! ಹಾಂ, ಉಸಿರು ಎಳ್ಕೊಳ್ಳಿ. ಇನ್ನೂ ಎಳ್ಕೊಳ್ಳಿ. ಹಿಡ್ಕೊಳ್ಳಿ."

ಗೆರೆ ಹಸಿರಿಗೆ ಬಂದು ಸ್ವಲ್ಪವೂ ನಡುಗದೆ ನಿಂತಿತು. ಸ್ಪೀಕರು ಮಾತಾಡುತ್ತಲೇ ಇತ್ತು. "ವೆಲ್ಡಿಂಗಿನವನ ಹೆಂಡತಿ ರವಿಕೆ ಕೊಟ್ಟಿದ್ದಾಳೆ, ತೋಳು ಬಿಗಿ ಅಂತೆ, ತೋಳು ಬಿಗಿಯಾಗಿಲ್ಲ ಅತ್ತಿಗೆ, ಅವಳೇ ದಪ್ಪ ಆಗಿರೋದು, ಹೇಳೋಕಾಗುತ್ತಾ..." ಅಷ್ಟರಲ್ಲಿ ಆ ದನಿ ಎಡವಿತು. ಮಾತು ಅಲ್ಲಿಗೇ ನಿಂತುಹೋಯಿತು.

ನಿಶ್ಶಬ್ದ ಬಂತು. ಅದರ ಹಿಂದೆಯೇ ಮೇಷ್ಟ್ರು ಬಂದ. ಬಿಸಿಲಿನ ಮಂಚ, ಮೂರು ದಿಂಬು, ತುಂಬಿದ ಎದೆ. ಅವನು ಅವಳನ್ನೇ ನೋಡುತ್ತಿದ್ದ. ಪಂಕ್ಚರಕ್ಕನ ಬೆನ್ನು ಏಳಲು ಹಾತೊರೆಯಿತು. ಅವಳು ಬೆನ್ನನ್ನು ಹಲಗೆಗೆ ಒತ್ತಿ ಹಿಡಿದಳು. ಈ ಸಲ ಕಣ್ಣು ಮುಚ್ಚಲಿಲ್ಲ, ಗೋಡೆಗೆ ಒರಗಲಿಲ್ಲ. ಅವನೂ ಹಿಡಿದಿದ್ದ, ಅವಳೂ ಹಿಡಿದಿದ್ದಳು.

"ಉಸಿರು ಬಿಡಿ, ಅತ್ತಿಗೆ," ಎಂದಿತು ಸ್ಪೀಕರು.

ಲೆಕ್ಕದ ಸಾರ್ ಹೊಸ ಚಿತ್ರವನ್ನು ತಾವೇ ಕರೆದು ತೋರಿಸಿದರು. ಗೋಡೆಗೂ ಕೆಂಪು ಗೆರೆಗೂ ನಡುವೆ ಕಪ್ಪಗೆ, ಅಗಲವಾಗಿ ಗಾಳಿ ತುಂಬಿತ್ತು. "ಈಗ ನೋಡಿ, ಹೃದಯಕ್ಕೆ ಹೆಚ್ಚೇನೂ ತಾಗದ ಹಾಗೆ ಕಿರಣ ಕೂರಿಸಬಹುದು," ಎಂದರು. ಅವರ ಮುಖದಲ್ಲಿ ನೆಮ್ಮದಿ ಇತ್ತು. ಪಂಕ್ಚರಕ್ಕನಿಗೆ ಆ ಕಪ್ಪು ಜಾಗವನ್ನು ನೋಡಿ ಅಲ್ಲಿ ಒಬ್ಬರು ಕೂರುವಷ್ಟು ಎಡೆಯಿದೆ ಅನ್ನಿಸಿತು.

ಆಮೇಲೆ ದಿನವೂ ಬೆಳಿಗ್ಗೆ ಅವಳು ಆ ಹಲಗೆಯ ಮೇಲೆ ಮಲಗಿದಳು. ಉಸಿರಮ್ಮ ಹಿಡಿಯಲು ಹೇಳುತ್ತಿದ್ದಳು, ಯಂತ್ರ ಗುಂಯ್ ಎನ್ನುತ್ತಿತ್ತು, ಮೇಷ್ಟ್ರು ಬರುತ್ತಿದ್ದ. ಬಿಡಲು ಹೇಳಿದ ಕೂಡಲೇ ಹೋಗುತ್ತಿದ್ದ. ಮೊದಮೊದಲು ಅವನನ್ನು ಕಂಡರೆ ಹೆದರುತ್ತಿದ್ದಳು. ಬರುಬರುತ್ತ ಅವಳು ಬಟ್ಟೆ ಬದಲಿಸುವ ಕೋಣೆಯಲ್ಲಿ ಅವಸರ ಮಾಡತೊಡಗಿದಳು. ಅವನೂ ತಾನೂ ಇಬ್ಬರೇ ಇರುವುದಕ್ಕೆ ಸಿಗುತ್ತಿದ್ದ ಹೊತ್ತು ಅಷ್ಟೇ. ನೀವು ಬಿಡದೆ ಹೋದ ಉಸಿರನ್ನು ನಾನು ಬಿಡುತ್ತಿದ್ದೇನೆ ನೋಡಿ, ಎಂದು ಒಳಗೇ ಹೇಳಿಕೊಳ್ಳುತ್ತಿದ್ದಳು. ಚರ್ಮ ಕಪ್ಪಾಗಿ ಉರಿಯುತ್ತಿತ್ತು, ಅದನ್ನು ಅವಳು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಕೊನೆಯ ದಿನ ನಾದಿನಿ ಜೊತೆಗೆ ಬರಲಿಲ್ಲ. "ಸ್ವಲ್ಪ ಕೆಲಸ ಇದೆ, ನೀವು ಹೋಗಿಬನ್ನಿ, ಆಮೇಲೆ ಅಂಗಡೀಲೇ ಸಿಗ್ತೀನಿ," ಅಂದಿದ್ದಳು. ಆಸ್ಪತ್ರೆಯಲ್ಲಿ ಉಸಿರಮ್ಮ ಪಂಕ್ಚರಕ್ಕನ ಕೈ ಹಿಡಿದುಕೊಂಡು, "ಹೃದಯ ಉಳಿಸ್ಕೊಂಡ್ರಿ ಅಕ್ಕಾ. ಇನ್ಮೇಲೆ ಉಸಿರು ಹಿಡಿಯೋ ಗೋಳಿಲ್ಲ, ಆರಾಮಾಗಿ ಉಸಿರಾಡಿ," ಎಂದಳು. ಪಂಕ್ಚರಕ್ಕ ತಲೆಯಾಡಿಸಿ, ಖಾಲಿ ಹಲಗೆಯ ಕಡೆ ಒಮ್ಮೆ ನೋಡಿ ಹೊರಟಳು. ಹೋಗಲಿ, ಅಂಗಡಿಯಲ್ಲಿ ಇದ್ದಾನಲ್ಲ ಎಂದು ಸಮಾಧಾನ ಮಾಡಿಕೊಂಡಳು.

ಅಂಗಡಿಯ ಬಾಗಿಲು ತೆಗೆದಿತ್ತು. ನಾದಿನಿ ಒಳಗೆ ಗುಡಿಸಿ, ತೊಟ್ಟಿಗೆ ಹೊಸ ನೀರು ತುಂಬಿಸಿ, ಮುಖ ಅರಳಿಸಿಕೊಂಡು ನಿಂತಿದ್ದಳು. "ಬನ್ನಿ ಅತ್ತಿಗೆ. ನಿಮಗೆಂದು ಒಂದು ಕೆಲಸ ಮಾಡಿಸಿದ್ದೀನಿ. ಮೋಟಾರು ಹಾಕಿ ನೋಡಿ."

ಪಂಕ್ಚರಕ್ಕ ಸ್ವಿಚ್ಚು ಒತ್ತಿದಳು. ಕಂಪ್ರೆಸರು ಗಡಗಡಿಸಿ ಗಾಳಿ ತುಂಬಿಕೊಂಡಿತು. ಮುಳ್ಳು ಏರಿತು. ಅವಳು ಮೋಟಾರು ನಿಲ್ಲಿಸಿದಳು.

ಏನೂ ಕೇಳಿಸಲಿಲ್ಲ.

"ವೆಲ್ಡಿಂಗಿನವನ ಕೈಲಿ ವಾಷರು ಹಾಕಿಸ್ದೆ," ನಾದಿನಿ ಹೇಳುತ್ತಿದ್ದಳು. "ಆ ಸದ್ದು ದಿನಾ ಕೇಳ್ಕೊಂಡು ನೀವು ಹೇಗೆ ತಡ್ಕೊಂಡಿದ್ರೋ. ಥೇಟ್ ಅಣ್ಣನ ಉಬ್ಬಸದ ಹಾಗೇ ಇತ್ತು. ಇನ್ನು ಆ ಕಾಟ ಇಲ್ಲ ಬಿಡಿ."

ಗಾಳಿಯ ಮುಳ್ಳು ಏರಿದಲ್ಲೇ ನಿಂತಿತ್ತು, ಕೂದಲೆಳೆಯಷ್ಟೂ ಇಳಿಯಲಿಲ್ಲ. ಪಂಕ್ಚರಕ್ಕ ಬೈಯಲಿಲ್ಲ. ಬೈಯುವಂಥದ್ದೇನನ್ನೂ ಪಾಪದವಳು ಮಾಡಿರಲಿಲ್ಲ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವಳು ತಿರುಗಿ ನೋಡಿದಳು. ಸ್ಟೂಲು ಇತ್ತು. ಹೋಗಿ ಅದರ ಮೇಲೆ ಕೂತಳು, ಬೆನ್ನನ್ನು ಗೋಡೆಗೆ ನೆಟ್ಟಗೆ ಕೊಟ್ಟಳು. ದೊಡ್ಡದಾಗಿ ಉಸಿರು ಎಳೆದುಕೊಂಡು ಹಿಡಿದಳು.

ಒಳಗೆ ಎದೆ ಉಬ್ಬಿ, ಹೃದಯ ಮೆಲ್ಲಗೆ ಹಿಂದಕ್ಕೆ ಸರಿದು ಜಾಗ ಬಿಟ್ಟುಕೊಟ್ಟಿತು. ಬೀದಿಯಲ್ಲಿ ಬಸ್ಸು ತಿರುಗಿತು. ಗಿರಾಕಿಯೊಬ್ಬ ಸೈಕಲ್ಲು ತಳ್ಳಿಕೊಂಡು ಬಂದು, ಅಕ್ಕನ ಮುಖ ನೋಡಿ ಹೊರಗೇ ನಿಂತ. ನಾದಿನಿಯ ಮಾತು ಕಡಿಮೆಯಾಯಿತು, ನಿಂತಿತು. ಅವಳು ಸ್ಟೂಲನ್ನು ನೋಡಿದಳು, ಸದ್ದಿಲ್ಲದ ಕಂಪ್ರೆಸರನ್ನು ನೋಡಿದಳು, ತಾನು ಏನು ಮಾಡಿದೆನೆಂದು ಅವಳಿಗೆ ಗೊತ್ತಾಯಿತು. ಬಾಯಿಗೆ ಸೆರಗು ಅಡ್ಡ ಹಿಡಿದಳು.

ಪಂಕ್ಚರಕ್ಕನ ಮುಖ ಕೆಂಪೇರುತ್ತಿತ್ತು. ಅವಳು ಯಾರನ್ನೋ ನೋಡುತ್ತಿದ್ದಳು, ಬಿಡುವ ಮನಸ್ಸು ಅವಳಿಗಿರಲಿಲ್ಲ.

ನಾದಿನಿ ಓಡಿಬಂದು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು, ವರ್ಷಗಳ ಗ್ರೀಸು ಹತ್ತಿದ ಅವಳ ಎರಡೂ ಕೈಗಳನ್ನು ಹಿಡಿದುಕೊಂಡಳು.

"ಉಸಿರು ಬಿಡಿ, ಅತ್ತಿಗೆ," ಎಂದಳು. "ಉಸಿರು ಬಿಡಿ."